ಕಿಲಿಮಂಜಾರೋ ತಪ್ಪಲಿನಲ್ಲಿ ಮಾಂಕಾ ಕೊಟ್ಟ ಎಲೆ

ಮೊಂಬಾಸಾ

ಭೂಮಧ್ಯರೇಖೆಯ ಪಕ್ಕದಲ್ಲೇ ವರ್ಷವಿಡೀ ಹಿಮ ಹೊತ್ತ ಬೆಟ್ಟವೊಂದಿದೆ ಎಂದು ಶಿಕಾರಿಪುರದ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಹೇಳಿದಾಗ ನಾನು ನಂಬಲಿಲ್ಲ. ಆಮೇಲೆ ಮೈಸೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿದೆ. ಅಲ್ಲಿ ಕಲಿತದ್ದೂ ಹೆಚ್ಚಾಗಿ ನಂಬದಿರುವುದನ್ನೇ. ಈಗ ಆ ಅಭ್ಯಾಸ ನನ್ನ ನೆನಪಿನ ಮೇಲೆಯೇ ತಿರುಗಿಬಿದ್ದಿದೆ. ಊರಿಗೆ ಮರಳಿ ಇನ್ನೂ ವರ್ಷ ತುಂಬಿಲ್ಲ, ನಾನು ಹತ್ತಿದ ಹಡಗಿನ ಬಣ್ಣ ಬಿಳಿಯೋ ಬೂದಿಯೋ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ಹೀಗಾಗಿ ಇಲ್ಲಿ ಬರೆದದ್ದನ್ನು ನೀವೂ ಸ್ವಲ್ಪ ಹುಷಾರಾಗಿಯೇ ಓದಬೇಕು.

ನನ್ನನ್ನು ಕರೆಸಿಕೊಂಡವಳು ದೊಡ್ಡಪ್ಪನ ಮಗಳು ಸರೋಜಕ್ಕ. ಶಿಕಾರಿಪುರದಿಂದ ಸೊರಬಕ್ಕೆ ಮದುವೆಯಾಗಿ ಹೋದವಳು, ಅಲ್ಲಿಂದ ಗಂಡನ ಹಿಂದೆ ಸಮುದ್ರ ದಾಟಿ ಟಾಂಗಾನಿಕಾ ದೇಶದ ಮೋಶಿ ಎಂಬ ಊರಿಗೆ ಹೋಗಿದ್ದಾಳೆ. ಭಾವ ಅಲ್ಲಿ ಭಾರತೀಯ ಮಕ್ಕಳ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅಕ್ಕ ಬೆಟ್ಟದ ಮೇಲಿನ ಆಫ್ರಿಕನ್ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುತ್ತಾಳೆ.

ಮೊಂಬಾಸಾ ಬಂದರಿನಲ್ಲಿ ಒಬ್ಬ ಡಾಕ್ಟರು ನಮ್ಮ ಕಣ್ಣು, ನಾಲಗೆ ನೋಡಿ ಕಳಿಸುತ್ತಿದ್ದ. ನನ್ನ ಸರದಿ ಬಂದಾಗ, "ಯಾವ ಕಡೆಯವರು? ನಿಮ್ಮಲ್ಲಿ ಜ್ವರ ಗಿರ ಇದೆಯಾ?" ಎಂದು ಕೇಳಿದ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಓದಿದವನಿಗೆ ಪ್ರಶ್ನೆ ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಮರದಿಂದ ಬಿದ್ದು ಸಾಯುತ್ತಿರುವುದು, ಆ ಕಾಡಿಗೆ ಸೌದೆಗೆ ಹೋದವರಿಗೆ ಹೆಸರಿಲ್ಲದ ಜ್ವರ ಹತ್ತುತ್ತಿರುವುದು, ಎಲ್ಲವನ್ನೂ ಒಳ್ಳೆ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಬಹಳ ಆಸಕ್ತಿಯಿಂದ ಕೇಳಿದ. ಕೇಳಿ, ನನ್ನನ್ನು ಸಾಲಿನಿಂದ ಆಚೆ ತೆಗೆದು ಒಂದು ಬೆಂಚಿನ ಮೇಲೆ ಕೂರಿಸಿದ. ಹಡಗಿನ ಜನವೆಲ್ಲ ಖಾಲಿಯಾದರೂ ನಾನು ಅಲ್ಲೇ ಕೂತಿದ್ದೆ. ಸಂಜೆ ಭಾವ ಬಂದು ಯಾರಿಗೋ ಕೈಮುಗಿದು ಬಿಡಿಸಿಕೊಂಡರು.

"ಅಲ್ಲ ಮಾರಾಯ್ರೇ, ಬಂದರಿನ ಡಾಕ್ಟರ ಹತ್ರ ಯಾರಾದ್ರೂ ಊರಿನ ಸುದ್ದಿ ಹೇಳ್ತಾರಾ?" ಎಂದರು ಭಾವ. ಸೊರಬ ಬಿಟ್ಟು ಎಷ್ಟು ವರ್ಷವಾದರೂ ಅವರ ಬಾಯಿಂದ 'ಮಾರಾಯ' ಹೋಗಿಲ್ಲ.

ಮೋಶಿ

ರೈಲು ಮೋಶಿ ಸೇರಿದಾಗ ಬೆಳಗಾಗಿತ್ತು. ಬೆಟ್ಟ ಎಲ್ಲಿ ಎಂದು ಕೇಳಿದೆ. ಅಕ್ಕ ಕೈ ತೋರಿಸಿದ ಕಡೆ ಬರೀ ಮೋಡ. "ಇದನ್ನೇ ನಾನು ಹೇಳಿದ್ದು. ಇವರೆಲ್ಲ ಮೋಡ ನೋಡಿ ಹಿಮ ಅಂತಾರೆ," ಎಂದೆ.

"ಇನ್ನೂ ಮೇಲೆ ನೋಡಪ್ಪ ಎಂ.ಎ.," ಎಂದಳು.

ಮೋಡ ಮುಗಿಯುವಲ್ಲಿಗೆ ಆಕಾಶ ಎಂದುಕೊಂಡಿದ್ದೆ. ಕತ್ತನ್ನು ಅದಕ್ಕಿಂತ ಹಿಂದಕ್ಕೆ ಬಾಗಿಸಿದಾಗ, ಮೋಡದ ಮೇಲೆ, ಯಾವ ಆಧಾರವೂ ಇಲ್ಲದೆ, ಬೆಳ್ಳಗೆ ಒಂದು ನೆಲ ಕಂಡಿತು. ನನ್ನ ಟೋಪಿ ಹಿಂದಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ತೋಚಲೇ ಇಲ್ಲ. ಕೆಳಗೆ ಬೆವರು ಸುರಿಯುವ ಸೆಖೆ, ಮಧ್ಯೆ ಬಾಳೆ ಮತ್ತು ಕಾಫಿಯ ಕಡುಹಸಿರು, ಅದರ ಮೇಲೆ ಮೋಡ, ಅದರ ಮೇಲೆ ಅದು. ಭೂಗೋಳದ ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಅಡ್ಡಬಿದ್ದು ಬರುತ್ತಿದ್ದೆ.

ಆ ತಪ್ಪಲಿನಲ್ಲಿ ಚಗ್ಗಾ ಎಂಬ ಜನ ಬಾಳುತ್ತಾರೆ. ಎಂಜಿನಿಯರುಗಳಿಲ್ಲದೆ, ತಲೆಮಾರುಗಳಿಂದ, ಮೇಲಿನ ಹಳ್ಳಗಳ ನೀರನ್ನು ಗುಡ್ಡದ ಅಂಚಿನಲ್ಲೇ ಕಾಲುವೆ ಕಡಿದು ಮನೆಮನೆಯ ತೋಟಕ್ಕೆ ಇಳಿಸಿದ್ದಾರೆ. ಕೆರೆ ತೂಬಿನ ನೀರಿಗೆ ವರ್ಷವರ್ಷ ಜಗಳವಾಡುವ ಊರಿನವನಾದ ನಾನು ಆ ಕಾಲುವೆಗಳ ದಂಡೆಯಲ್ಲಿ ಬಾಯಿಬಿಟ್ಟುಕೊಂಡೇ ನಡೆದೆ.

ಅವರ ಸಂತೆ ಪೂರ್ತಿ ಹೆಂಗಸರದ್ದು. ಕೂತವರೂ ಕೊಳ್ಳುವವರೂ ಹೆಂಗಸರೇ. ನಾನು ಶಿಕಾರಿಪುರದ ಸಂತೆಗೆ ನುಗ್ಗಿದ ಹಾಗೆ ನುಗ್ಗಿದೆ. ಬಾಳೆಹಣ್ಣಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ಧೈರ್ಯ ಬೇರೆ. ಚೆನ್ನಾಗಿ ಹಣ್ಣಾದ ಒಂದನ್ನು ಚಿಪ್ಪಿನಿಂದ ಕಿತ್ತು ಸುಲಿದು ಬಾಯಿಗಿಟ್ಟೆ. ನಾಲಗೆ ಅಂಗಳಕ್ಕೆ ಅಂಟಿಕೊಳ್ಳುವಷ್ಟು ಒಗರು! ಸುತ್ತ ಕೂತಿದ್ದ ಹೆಂಗಸರೆಲ್ಲ ತೊಡೆ ತಟ್ಟಿಕೊಂಡು ನಕ್ಕರು. ಅದು ತಿನ್ನುವ ಹಣ್ಣಲ್ಲ, ಮದ್ಯ ಇಳಿಸಲು ಇಟ್ಟದ್ದು. "ಈ ಮನುಷ್ಯನಿಗೆ ಕುದಿಯೋವರೆಗೂ ತಡೆಯೋಕಾಗಲ್ಲ ಅಂತಿದಾರೆ ನೋಡು," ಎಂದು ಅಕ್ಕ ತರ್ಜುಮೆ ಮಾಡಿದಳು. ಹೆಂಡ ಮುಟ್ಟದ ಮನೆಯಲ್ಲಿ ಹುಟ್ಟಿದ ನನಗೆ ಆ ದೇಶದಲ್ಲಿ ಮೊದಲು ಸಿಕ್ಕ ಹೆಸರು ಕುಡುಕ ಎಂದು.

ಬೆಟ್ಟದ ಶಾಲೆ

ಅಕ್ಕನ ಶಾಲೆಯ ಹೆಡ್ಮಿಸ್ಟ್ರೆಸ್ಸು ಬಿಳಿಯ ಹೆಂಗಸು. ದೂರದಿಂದ ಬಂದ ಓದಿದ ಮನುಷ್ಯ ದೊಡ್ಡ ಹುಡುಗಿಯರಿಗೆ ನಾಲ್ಕು ಬುದ್ಧಿಮಾತು ಹೇಳಲಿ ಎಂದು ಅವರ ಅಪೇಕ್ಷೆ. ಬುದ್ಧಿಮಾತುಗಳಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಹೇಳಿ ಎಂದರೆ ಬೇಡ ಎನ್ನುವಷ್ಟು ದೊಡ್ಡ ಮನುಷ್ಯನೂ ನಾನಲ್ಲ.

ಶಾಲೆಯ ಬೇಲಿಯ ಹೊರಗೆ ಹುಲ್ಲಿನ ಹೊರೆಗಳು ಸಾಲಾಗಿ ಬಿದ್ದಿದ್ದವು. ಆ ಹುಡುಗಿಯರು ನಸುಕಿನಲ್ಲೇ ತಗ್ಗಿನ ಬಯಲಿಗೆ ಇಳಿದು, ಮನೆಯ ದನಕ್ಕೆ ಹುಲ್ಲು ಕೊಯ್ದು, ಹೊತ್ತು ಬೆಟ್ಟ ಹತ್ತಿ, ಪಾಠಕ್ಕೆ ಕೂರುತ್ತಾರೆ. ಮನೆಗೆ ಹೋಗುವಾಗ ಮತ್ತೆ ಹೊರೆ. ಒಂದನ್ನು ಎತ್ತಿ ನೋಡಿದೆ. ಮೊಣಕಾಲಿನ ತನಕ ಮಾತ್ರ ಬಂತು.

ನಾನು ಅವರಿಗೆ ತಾಳಗುಂದದ ಕಥೆ ಹೇಳಿದೆ. ನಮ್ಮ ಊರಿನ ಹತ್ತಿರದ ಹಳ್ಳಿ, ಅಲ್ಲಿ ಹಳೆಯ ಶಾಸನದ ಕಂಬ ನಿಂತಿದೆ. ಆ ಊರಿನ ಹುಡುಗನೊಬ್ಬ ಅಜ್ಜನ ಜೊತೆ ಬಹು ದೂರದ ನಗರಕ್ಕೆ ಓದಲು ಹೋದ. ಅಲ್ಲಿ ಕುದುರೆ ಸವಾರನೊಬ್ಬನಿಂದ ಅವಮಾನವಾಯಿತು. ಸಿಟ್ಟಿನಿಂದ ಕತ್ತಿ ಹಿಡಿದ. ಕೊನೆಗೆ ತಾನೇ ರಾಜನಾದ. ಕಾಲೇಜಿನಲ್ಲಿ ಈ ಕಥೆಗೆ ಯಾವಾಗಲೂ ಚಪ್ಪಾಳೆ ಬೀಳುತ್ತದೆ.

ಇಲ್ಲಿ ಬೀಳಲಿಲ್ಲ. ಒಬ್ಬ ಹುಡುಗಿ ಕೈ ಎತ್ತಿ, "ಅವನ ಜೊತೆ ತಂಗಿ ಹೋಗಲಿಲ್ಲವಾ?" ಎಂದು ಕೇಳಿದಳು.

"ಗೊತ್ತಿಲ್ಲ. ಕಲ್ಲಿನಲ್ಲಿ ಬರೆದಿಲ್ಲ."

"ಅಂದರೆ ಅವನು ಓದು ಅರ್ಧಕ್ಕೇ ಬಿಟ್ಟನಾ?"

ಇಷ್ಟು ವರ್ಷದಲ್ಲಿ ನಾನು ಅದನ್ನು ಹಾಗೆ ಯೋಚಿಸಿರಲಿಲ್ಲ. "ಹೌದು," ಎಂದೆ.

ಹಿಂದಿನ ಬೆಂಚಿನಿಂದ ಉದ್ದ ಕತ್ತಿನ ಹುಡುಗಿ ಎದ್ದು ನಿಂತಳು. ಅವಳ ಹೆಸರು ಮಾಂಕಾ. ಅವಳ ಮಾತನ್ನು ಅಕ್ಕ ಹೀಗೆ ಕನ್ನಡ ಮಾಡಿದಳು: "ನಮಗೂ ದಿನಾ ಅವಮಾನ ಆಗ್ತದೆ. ಅದಕ್ಕೆ ನಾವು ಓದು ಬಿಟ್ರೆ ನಮ್ಮನ್ನ ಯಾರೂ ರಾಣಿ ಮಾಡಲ್ಲ. ಹುಲ್ಲು ಕೊಯ್ಯೋಕೆ ಕಳಿಸ್ತಾರೆ. ನಮಗೆ ಬೇರೆ ಕಥೆ ಹೇಳಿ."

ನನ್ನ ಹತ್ತಿರ ಬೇರೆ ಕಥೆ ಇರಲಿಲ್ಲ. 

ಆಮೇಲೆ ಅಕ್ಕ ಆ ಹುಡುಗಿಯ ವಿಷಯ ಹೇಳಿದಳು. ಮಾಂಕಾ, ಎಲಿಯಾ ಎಂಬ ಕಾಫಿ ಬೆಳೆಗಾರನ ಎರಡನೆಯ ಮಗಳು. ಕೆಳಗೆ ಟಾಂಗಾ ಕಡೆ, ಸಮುದ್ರದ ಹತ್ತಿರದ ಒಂದು ದೊಡ್ಡ ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿದೆ. ಅಲ್ಲಿ ಓದಿದರೆ ಟೀಚರಾಗಬಹುದು. ಆದರೆ ಅಪ್ಪ ಬಂದು ಹೆಡ್ಮಿಸ್ಟ್ರೆಸ್ಸಿನ ಎದುರು ತನ್ನ ಬಾಯಿಂದ ಒಪ್ಪಿಗೆ ಹೇಳಬೇಕು. ಈ ವಾರದೊಳಗೆ ಹೇಳದಿದ್ದರೆ ಜಾಗ ಬೇರೆಯವಳಿಗೆ. ಎಲಿಯಾ ಬರುವುದಿಲ್ಲ. ಅವನ ಹಿರಿಯ ಮಗಳು ಹಾಗೇ ಕೆಳಗಿನ ಸೀಮೆಗೆ ಓದಲು ಹೋಗಿ ಚಳಿಜ್ವರದಿಂದ ತೀರಿಕೊಂಡಿದ್ದಳು.

"ಅದು ಸಾಲದು ಅಂತ," ಎಂದಳು ಅಕ್ಕ, "ಕುಲದ ಹಿರೇರೆಲ್ಲ ಕೂತಿದ್ದಾಗ ಇವಳು ಅಪ್ಪನಿಗೆ ಅಂದ್ಲಂತೆ: ಒಬ್ಬ ಮಗಳನ್ನ ಕೆಳಗೆ ಹೂತೆ, ಇನ್ನೊಬ್ಬಳನ್ನ ಮೇಲೆ ಹೂಳ್ತಾ ಇದೀಯ ಅಂತ. ಅವತ್ತಿಂದ ಅವನು ಮಗಳ ಜೊತೆ ಮಾತು ಬಿಟ್ಟಿದಾನೆ."

ಎಲಿಯಾನ ತೋಟ

ಮಾರನೆಯ ದಿನ ಮಧ್ಯಾಹ್ನ ಅಕ್ಕ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದಳು. ನಾವು ಕೆಮ್ಮಿ ಒಳಗೆ ಹೋಗುವ ಹಾಗೆ ಅವರು ತೋಟದ ಬಾಯಲ್ಲಿ ನಿಂತು "ಹೋಡಿ!" ಎಂದು ಕೂಗಬೇಕು. ಒಳಗಿನಿಂದ "ಕರಿಬು" ಎಂದರೆ ಬನ್ನಿ ಎಂದರ್ಥ. ಎಲಿಯಾ ಮೂರುಕಾಲಿನ ಮಣೆಯ ಮೇಲೆ ಕೂತು ಗುದ್ದಲಿಗೆ ಕಾವು ಹಾಕುತ್ತಿದ್ದ. ಅವನ ತಾಯಿ, ಮುದುಕಿ, ಅವರೆಯಂಥ ಕಾಳು ಬಿಡಿಸುತ್ತಿದ್ದಳು. ಮಾಂಕಾ ನಮಗೆ ಬೇಯಿಸಿದ ಬಾಳೆಕಾಯಿ ತಂದಿಟ್ಟಳು. ಎಲಿಯಾ ಮಗಳ ಕಡೆ ತಿರುಗದೆ ತಾಯಿಗೆ ಏನೋ ಹೇಳಿದ.

"ಆ ಹುಡುಗಿಗೆ ನೀರು ತರೋಕೆ ಹೇಳು ಅಂತಿದಾನೆ," ಎಂದಳು ಅಕ್ಕ. "ಥೇಟ್ ನಮ್ಮಪ್ಪ. ಅವ್ವನ ಮೇಲೆ ಸಿಟ್ಟು ಬಂದ್ರೆ ಗೋಡೆಗೆ ಹೇಳೋನು, ಗೋಡೇ, ಊಟಕ್ಕೆ ಬಡಿಸ್ತಾರಂತಾ ಕೇಳು ಅಂತ."

ಒಂದು ಮಾತು ಒಪ್ಪಿಕೊಳ್ಳಬೇಕು. ಅಲ್ಲಿ ನಡೆದದ್ದೆಲ್ಲ ನನಗೆ ಬಂದದ್ದು ಅಕ್ಕನ ಬಾಯಿಂದ. ಅವಳ ಬಾಯಲ್ಲಿ ಚಗ್ಗಾ ಮುದುಕಿಯೂ ನಮ್ಮ ಕೋಟೆ ಬೀದಿಯ ಮುದುಕಿಯ ಹಾಗೇ ಮಾತಾಡುತ್ತಿದ್ದಳು. ಯಾವುದು ಅವರದ್ದು, ಯಾವುದು ಶಿಕಾರಿಪುರದ್ದು ಎಂದು ಈಗ ಬಿಡಿಸಲಾರೆ.

ನಾನು ಎಲಿಯಾನಿಗೆ ವಿದ್ಯೆಯ ಮಹತ್ವ ಹೇಳಲು ಶುರುಮಾಡಿದೆ. ಅವನು ಮರ್ಯಾದೆಯಿಂದ ಕೇಳಿ, "ನಿಮ್ಮ ಊರಲ್ಲಿ ಹೆಣ್ಣುಮಕ್ಕಳು ಎಲ್ಲಿವರೆಗೆ ಓದ್ತಾರೆ?" ಎಂದ.

"ಕೆಲವರು ಮಿಡ್ಲ್ ಸ್ಕೂಲು. ಹೈಸ್ಕೂಲಿಗೆ ಹೋಗೋರು ಅಲ್ಲೊಬ್ಬರು ಇಲ್ಲೊಬ್ಬರು."

"ಈ ನಿನ್ನ ಅಕ್ಕ?"

ಅಕ್ಕ ತಾನೇ ಉತ್ತರ ಕೊಟ್ಟು ಆಮೇಲೆ ನನಗೆ ಹೇಳಿದಳು: "ನಾಲ್ಕನೇ ಕ್ಲಾಸು ಅಂದೆ. ಅದಕ್ಕೆ ಅವನೇನಂದ ಗೊತ್ತಾ? ನಿಮ್ಮ ಮನೇಲಿ ಬೇಯಿಸದ ಅಡಿಗೇನ ನನ್ನ ಮನೇಲಿ ಬಡಿಸೋಕೆ ಬಂದಿದೀಯಾ ಅಂತಿದಾನೆ. ಉತ್ತರ ಇದ್ರೆ ಹೇಳು."

ನಾನು ಬಾಳೆಕಾಯಿ ತಿಂದೆ.

ಆಗ ಮುದುಕಿ ಕಾಳು ಬಿಡಿಸುತ್ತಲೇ ಮೊಮ್ಮಗಳಿಗೆ, "ಎಲೆ ತಾ," ಎಂದಳು. ತೋಟದ ಬೇಲಿಗೆ ಅವರು ಉದ್ದ ಎಲೆಯ ಒಂದು ಗಿಡ ನೆಡುತ್ತಾರೆ. ನೋಡಲು ನಮ್ಮ ಕತ್ತಾಳೆಯ ದೂರದ ನೆಂಟನ ಹಾಗಿದೆ, ಮುಳ್ಳಿಲ್ಲ. ಹಿರಿಯರನ್ನು ಹೂತ ಜಾಗದಲ್ಲೂ ಅದನ್ನೇ ನೆಡುತ್ತಾರೆ. ಆ ಎಲೆಯನ್ನು ಕಿತ್ತು ಯಾರ ಕೈಗೆ ಕೊಟ್ಟರೂ ಅದು ಕ್ಷಮೆ ಕೇಳಿದ ಹಾಗೆ. ಕೊಟ್ಟ ಮೇಲೆ ಎದುರಿನವನು ಕ್ಷಮಿಸಲೇಬೇಕು. ಎಂಥ ಹಗೆಯಿದ್ದರೂ ಎಲೆಯನ್ನು ಬೇಡ ಎನ್ನುವಂತಿಲ್ಲ.

"ಕೊಡಲ್ಲ," ಎಂದಳು ಮಾಂಕಾ. "ನಾನು ಹೇಳಿದ್ದು ನಿಜ."

"ನಿಜ ನಿನ್ನ ಹತ್ರನೇ ಇರ್ಲಿ, ಅದನ್ನ ಯಾರೂ ಕೇಳ್ತಿಲ್ಲ," ಎಂದಳು ಮುದುಕಿ. "ಅದನ್ನ ಹತ್ತು ಜನರ ಎದುರು ಅಪ್ಪನ ಮುಖದ ಮೇಲೆ ಎಸೆದೆಯಲ್ಲ, ಎಲೆ ಅದಕ್ಕೆ. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಹೊತ್ತರೆ ಬೆಟ್ಟ ಹತ್ತೋಕಾಗಲ್ಲ ಮಗಳೇ. ಇಳಿಯೋಕೂ ಆಗಲ್ಲ."

ಕೊನೆಗೆ ಮಾಂಕಾ ಬೇಲಿಯ ಕಡೆ ಹೋದಳು. ಬಂದು ಅಪ್ಪನ ಎದುರು ಮಂಡಿಯೂರಿ ಎರಡೂ ಕೈಯಲ್ಲಿ ಎಲೆ ಹಿಡಿದಳು. ಎಲಿಯಾ ಗುದ್ದಲಿ ಕೆಳಗಿಟ್ಟು ಎಲೆ ತೆಗೆದುಕೊಂಡ. "ಮಾಂಕಾ," ಎಂದ. ಅಷ್ಟೇ. ಅಷ್ಟು ದಿನದ ಮೇಲೆ ಅವನ ಬಾಯಲ್ಲಿ ಅವಳ ಹೆಸರು.

ಎಲ್ಲ ಸರಿಹೋಯಿತು ಎಂದು ನಾನು ಎದ್ದು ಅವನ ಕೈಕುಲುಕಲು ಹೋದೆ. ಅವನು ನನ್ನನ್ನು ದಾಟಿಕೊಂಡು ಬೇಲಿಯ ಕಡೆ ನಡೆದ. ಇನ್ನೊಂದು ಎಲೆ ಕಿತ್ತು ತಂದ. ಮಗಳ ಎದುರು ನಿಂತು ಅವಳಿಗೇ ಚಾಚಿದ. ಕಾಳು ಬಿಡಿಸುತ್ತಿದ್ದ ಮುದುಕಿಯ ಕೈ ನಿಂತಿತು. ಅಕ್ಕನ ತರ್ಜುಮೆಯೂ ನಿಂತಿತು.

"ಏನಕ್ಕಾ? ಏನಾಯ್ತು?"

"ಸುಮ್ನಿರೋ." ಆಮೇಲೆ ಅಕ್ಕ ಮೆಲ್ಲಗೆ ಹೇಳಿದಳು: "ನಿನ್ನ ಕಳಿಸೋಕೆ ನನ್ನಿಂದ ಆಗಲ್ಲ. ಅದಕ್ಕೆ ನನ್ನ ಕ್ಷಮಿಸು ಅಂತಿದಾನೆ."

ಶಾಸನಗಳನ್ನು ಓದಿಯೇ ಎಂ.ಎ. ಪಾಸು ಮಾಡಿದವನು ನಾನು. ರಾಜನ ಆಜ್ಞೆಯನ್ನು ಮೀರಿದವರಿಗೆ ಶಾಪ ಹಾಕಿ ಕಲ್ಲಿನಲ್ಲಿ ಕೊರೆದದ್ದನ್ನು ಎಷ್ಟೋ ನೋಡಿದ್ದೇನೆ. ಆದರೂ ಜನ ಮೀರಿದ್ದಾರೆ. ಇಲ್ಲಿ ಬೇಲಿಯ ಒಂದು ಹಸಿ ಎಲೆ. ಅದನ್ನು ಹಿಡಿದು ಅಪ್ಪನೊಬ್ಬ ಮಗಳ ಎದುರು ನಿಂತಿದ್ದ. ಅವಳು ಬೇಡ ಎನ್ನುವಂತಿರಲಿಲ್ಲ. ನನಗೆ ಸಿಟ್ಟು ಬಂತು. ಎಂಥ ಅನ್ಯಾಯದ ಉಪಾಯ ಎಂದುಕೊಂಡೆ. ಮಗಳು ಹಿಡಿದ ಹಾಗೇ ಅವನೂ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದದ್ದನ್ನು ಕಂಡ ಮೇಲೆ ಉಪಾಯವಲ್ಲ ಎಂದು ತಿಳಿಯಿತು.

ಮಾಂಕಾ ಎಲೆ ತೆಗೆದುಕೊಂಡಳು. ಕಣ್ಣೊರೆಸಿಕೊಂಡು ಎದ್ದು ನಿಂತು ಹೇಳಿದಳು: "ಕ್ಷಮಿಸಿದೆ ಅಪ್ಪ. ಈಗ ನಮ್ಮಿಬ್ಬರ ನಡುವೆ ಜಗಳ ಇಲ್ಲ. ಜಗಳ ಇಲ್ಲದವರು ಮಾತಾಡಬಹುದು. ಹೇಳು, ನನ್ನ ಅಕ್ಕನಿಗೆ ಏನಾಯ್ತು?"

ಅದನ್ನು ಅವನು ಆವರೆಗೆ ಯಾರಿಗೂ ಹೇಳಿರಲಿಲ್ಲವಂತೆ. ಹಿರಿಯವಳಿಗೆ ಜ್ವರ ಎಂದು ಸುದ್ದಿ ಬಂದಾಗ ಅವನು ಬೆಟ್ಟ ಇಳಿದು ಯಾವುದೋ ಲಾರಿ ಹತ್ತಿ ಹೋದ. ಕೆಳಗಿನ ಸೀಮೆ ಅವನಿಗೆ ಗೊತ್ತಿಲ್ಲ. ಆ ಊರಿನ ಬೀದಿಗಳಲ್ಲಿ ಆಸ್ಪತ್ರೆ ಹುಡುಕುತ್ತಾ ದಾರಿ ತಪ್ಪಿದ. ಸೇರುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.

"ಜ್ವರ ಇಲ್ಲೂ ಬರ್ತದೆ," ಎಂದ ಎಲಿಯಾ. "ನಾನು ಅಲ್ಲಿ ಇರಲಿಲ್ಲ."

ಆಗ ಅಕ್ಕ ಸ್ವಾಹಿಲಿಯಲ್ಲಿ ಏನೋ ಹೇಳತೊಡಗಿದಳು. ನನಗೆ ನಡುನಡುವೆ ಅರ್ಥವಾದದ್ದು ಎರಡೇ ಪದ: ಶಿಕಾರಿಪುರ, ಸೊರಬ. ಮುದುಕಿ ಮುಂದಕ್ಕೆ ಬಾಗಿದಳು. ಎಲಿಯಾ ತಲೆ ಎತ್ತಿದ. ಇದ್ದಕ್ಕಿದ್ದ ಹಾಗೆ ಎಲ್ಲರೂ ನಕ್ಕರು.

ದಾರಿಯಲ್ಲಿ ಬರುವಾಗ ಅಕ್ಕ ಅದನ್ನು ನನಗೂ ಹೇಳಿದಳು. ಅವಳ ಮದುವೆಯ ಕಾಲಕ್ಕೆ ನಮ್ಮ ಕಡೆಯವರು ಸೊರಬಕ್ಕೆ ಹೆಣ್ಣು ಕೊಡಲು ಹೆದರುತ್ತಿದ್ದರು. ಮಲೆನಾಡಿನ ಚಳಿಜ್ವರಕ್ಕೆ ಬಯಲುಸೀಮೆಯ ಹುಡುಗಿಯರು ಒಂದು ಮಳೆಗಾಲವೂ ತಾಳುವುದಿಲ್ಲ ಎಂಬ ಮಾತಿತ್ತು. ಮದುವೆಯಾದ ಮೇಲೆ ದೊಡ್ಡಪ್ಪ ಮಗಳನ್ನು ಬಿಡಲು ಸೊರಬಕ್ಕೆ ಹೋದವನು ತಿರುಗಿ ಬರಲಿಲ್ಲ. ಮಳೆಗಾಲ ಮುಗಿಯುವ ತನಕ ಬೀಗರ ಮನೆಯ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ.

"ಅಲ್ಲಕ್ಕಾ, ದೊಡ್ಡಪ್ಪ ಆಗ ಜಮೀನಿನ ಸರ್ವೆ ಕೆಲಸಕ್ಕೆ ಹೋಗಿದ್ದಲ್ವಾ? ನಂಗೆ ಚೆನ್ನಾಗಿ ನೆನಪೈತೆ."

"ಸರ್ವೆ ಅಂತ ಊರಿಗೆ ಹೇಳಿದ್ದು. ಮಗಳನ್ನ ಕಾಯೋಕೆ ಹೋಗಿದೀನಿ ಅಂದ್ರೆ ಗಂಡಸಿಗೆ ಮರ್ಯಾದೆ ಉಳೀತದಾ? ಸೊರಬದೋರು ಮಾತ್ರ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ನಂಗೂ ನಾಚಿಕೆ. ಈಗ ನೋಡು, ಅಪ್ಪ ಅಂದ್ರೆ ಆ ಜಗಲೀನೇ ಕಣ್ಣಿಗೆ ಬರೋದು."

ಇತಿಹಾಸದ ಮನುಷ್ಯನಾದ ನಾನು ನಮ್ಮ ಮನೆಯ ಈ ಒಂದು ಮಳೆಗಾಲವನ್ನು ಇಷ್ಟು ವರ್ಷ ತಪ್ಪಾಗಿ ನೆನಪಿಟ್ಟುಕೊಂಡಿದ್ದೆ. ಈ ಕಥೆ ಯಾವ ಕಲ್ಲಿನಲ್ಲೂ ಇಲ್ಲ. ಆ ಹುಡುಗಿಯರು ನನ್ನಲ್ಲಿ ಕೇಳಿದ್ದು ಇಂಥದ್ದನ್ನೇ ಇರಬೇಕು.

ಎಲಿಯಾ ಅವತ್ತು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಗುದ್ದಲಿ ಹೆಗಲಿಗಿಟ್ಟು ಕಾಲುವೆಯ ಕಡೆ ಹೋದ. "ಹೋಗ್ಲಿ ಬಿಡಿ," ಎಂದಳು ಮುದುಕಿ. "ಅವನಿಗೆ ಯೋಚನೆ ಬರೋದು ಕಾಲು ಒದ್ದೆಯಾದ್ರೇನೇ."

ಮೋಶಿ ಸ್ಟೇಷನ್

ವಾರದ ಕೊನೆಗೆ ಅವನು ಶಾಲೆಗೆ ಬಂದ. ಒಪ್ಪಿಗೆ ಹೇಳಿದ, ಜೊತೆಗೊಂದು ಷರತ್ತು. ತಾನೂ ಮಗಳ ಜೊತೆ ಹೋಗುತ್ತೇನೆ, ಆ ಕಡೆಯ ದೊಡ್ಡ ಮಳೆ ಮುಗಿಯುವ ತನಕ ಶಾಲೆಯ ಹತ್ತಿರವೇ ಎಲ್ಲಾದರೂ ಇರುತ್ತೇನೆ, ಕೂಲಿ ಮಾಡಿಕೊಳ್ಳುತ್ತೇನೆ. ಹೆಡ್ಮಿಸ್ಟ್ರೆಸ್ಸು ಕನ್ನಡಕ ತೆಗೆದು ಒರೆಸಿಕೊಂಡರು. ಇಂಥದ್ದು ನಿಯಮದಲ್ಲಿಲ್ಲ ಎಂದರು.

"ಬ್ಯಾಡ ಅಂತಲೂ ನಿಯಮದಲ್ಲಿ ಇಲ್ವಲ್ಲ," ಎಂದು ಅಕ್ಕ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ನೆನಪಾಗಿ ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಹೊರಡುವ ದಿನ ನಾವು ಸ್ಟೇಷನ್ನಿಗೆ ಹೋದೆವು. ಬೆಟ್ಟದಿಂದ ಇಡೀ ಕೇರಿಯೇ ಇಳಿದು ಬಂದಿತ್ತು. ಎಲಿಯಾ ಹಳೆಯ ಕೋಟು ಹಾಕಿಕೊಂಡು, ಒಂದು ಹೆಗಲಿಗೆ ಬಾಳೆಗೊನೆ, ಇನ್ನೊಂದಕ್ಕೆ ಗುದ್ದಲಿ ಇಟ್ಟುಕೊಂಡಿದ್ದ.

"ಗುದ್ದಲಿ ಯಾಕಂತೆ?" ಎಂದು ಅಕ್ಕನಿಂದ ಕೇಳಿಸಿದೆ.

"ಕೈ ಕಟ್ಟಿಕೊಂಡು ಕೂತ್ರೆ ಜ್ವರ ಬರ್ತದಂತೆ."

"ಅಪ್ಪನೂ ಶಾಲೆಗೆ ಸೇರ್ತಾನೆ, ಮಗಳು ಹೊಡೆದು ಕಲಿಸ್ತಾಳೆ!" ಎಂದು ಯಾರೋ ಹೆಂಗಸು ಕೂಗಿದಳು. ಪ್ಲಾಟ್‌ಫಾರಂ ಎಲ್ಲ ನಗು. ಎಲಿಯಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮುದುಕಿ ಮಾತ್ರ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಉಗುಳಿ ಹರಸಿದಳು. ಅದು ಅವರಲ್ಲಿ ಆಶೀರ್ವಾದ ಮಾಡುವ ರೀತಿ. ನನಗೆ ಯಾಕೋ ಹಿಂದೆ ಸರಿಯಬೇಕೆನಿಸಲಿಲ್ಲ. ನನ್ನ ತಲೆಯನ್ನೂ ಬಗ್ಗಿಸಿದೆ. ಮುದುಕಿ ನಕ್ಕು ನನಗೂ ಸ್ವಲ್ಪ ಕೊಟ್ಟಳು.

ಇಬ್ಬರೂ ಡಬ್ಬಿ ಹತ್ತಿ ಎದುರುಬದುರಾಗಿ ಕೂತರು. ಮಾಂಕಾ ಶಾಲೆಯ ನೀಲಿ ಬಟ್ಟೆಯಲ್ಲಿದ್ದಳು. ಅವಳಿಗೂ ರೈಲು ಹೊಸದೇ. ಎಂಜಿನ್ ಸಿಳ್ಳೆ ಹಾಕಿ ಡಬ್ಬಿಗಳು ಒಂದಕ್ಕೊಂದು ಗುದ್ದಿಕೊಂಡಾಗ ಎಲಿಯಾ ದಡಕ್ಕನೆ ಎದ್ದುಬಿಟ್ಟ. ಅಷ್ಟು ದೊಡ್ಡ ಮನುಷ್ಯ ಎರಡೂ ಕೈಯಲ್ಲಿ ಗುದ್ದಲಿ ಹಿಡಿದು ಬಾಗಿಲ ಕಡೆ ತಿರುಗಿದ. ಕೆಳಗಿನ ನಗು ತಟ್ಟನೆ ನಿಂತಿತು. ಇಳಿದುಬಿಡುತ್ತಾನೆ ಎಂದುಕೊಂಡೆ. ಅವನು ಇಳಿದರೆ ಅವಳೂ ಇಳಿಯಬೇಕು.

ಮಾಂಕಾ ಏಳಲಿಲ್ಲ, ಅವನ ಕೈ ಹಿಡಿಯಲಿಲ್ಲ. ಕೂತಲ್ಲಿಂದಲೇ, ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಧ್ವನಿಯಲ್ಲಿ ಮಾತಾಡಿದಳು.

ಅಕ್ಕ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಕೂತ್ಕೋ ಅಪ್ಪ ಅಂತಿದಾಳೆ. ಮೊದಲು ಭಯ ಆಗ್ತದೆ, ಆಮೇಲೆ ಹೋಗ್ತದೆ. ಹೊರಗೆ ನೋಡಬೇಡ, ನನ್ನ ನೋಡು ಅಂತಿದಾಳೆ."

ಎಲಿಯಾ ಕೂತ. ಗುದ್ದಲಿಯನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು, ಅದರ ಕಾವನ್ನು ಬಿಗಿಯಾಗಿ ಹಿಡಿದು, ಮಗಳ ಮುಖಕ್ಕೆ ಕಣ್ಣಿಟ್ಟ. ಕೆಳಗಿದ್ದವರೆಲ್ಲ ಅವನ ಹೆಸರು ಹಿಡಿದು ಕೂಗಿದರು, ಕೈ ಬೀಸಿದರು. ರೈಲು ಹೊರಟಿತು. ಅವನು ಹೊರಗೆ ನೋಡಲಿಲ್ಲ.